ಬಿಡುವಿನ ಬಡಗಿ: ತಾತನ ಕಿವಿ, ಮೊಮ್ಮಗಳ ಕೈ

ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಬರೆದವಳು ಏಳನೇ ತರಗತಿಯ ಹುಡುಗಿ. ಅವಳ ತಾತ ಮೇಷ್ಟ್ರಾಗಿದ್ದವರು. ರಜೆ ಬಂದರೆ ಫ್ರೆಟ್ ಸಾ ಹಿಡಿದು ದೇವರ ಮಂಟಪ, ಗಡಿಯಾರದ ಚೌಕಟ್ಟು, ಕಾಗದ ಸಿಕ್ಕಿಸುವ ಗೂಡು ಎಲ್ಲ ಕೊರೆಯುತ್ತಿದ್ದರಂತೆ. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಮನೆಯವರು ಗರಗಸವನ್ನು ಅಟ್ಟಕ್ಕೆ ಹಾಕಿದ್ದಾರೆ. "ತಾತ ಈಗ ಸುಮ್ಮನೆ ಕೂತಿರ್ತಾರೆ. ನಾನು ಕಲಿತರೆ ಅವರೂ ಜೊತೆಗೆ ಮಾಡಬಹುದಾ? ಮೆಷಿನ್ ತಗೊಂಡ್ರೆ ಸುಲಭಾನಾ?" ಎಂದು ಕೇಳಿದ್ದಾಳೆ.

ಮಾಡಬಹುದು ಕಣಮ್ಮ. ಮೆಷಿನ್ ಈಗಲೇ ಬೇಡ. ಅಟ್ಟ ಹತ್ತಿ ಆ ಗರಗಸ ಇಳಿಸಲು ಅಪ್ಪನಿಗೆ ಹೇಳು. ಮನೆಯವರ ಭಯ ಸುಳ್ಳಲ್ಲ, ಅದನ್ನು ಹಗುರ ಮಾಡುವುದೂ ಸರಿಯಲ್ಲ. ಆದರೆ ಈ ಕೆಲಸದಲ್ಲಿ ಗರಗಸ ಆಡಿಸುವುದು ಒಂದು ಪಾಲು ಮಾತ್ರ. ಉಳಿದ ಪಾಲುಗಳಲ್ಲಿ ತಾತನಿಗೆ ಬೇಕಾದಷ್ಟು ಜಾಗವಿದೆ.

ಫ್ರೆಟ್ ಸಾ ಎಂದರೇನು ಎಂದು ಹೊಸ ಓದುಗರಿಗೆ ಹೇಳಿಬಿಡುತ್ತೇನೆ. 'ಯು' ಆಕಾರದ ಉಕ್ಕಿನ ಚೌಕಟ್ಟು, ಕೆಳಗೊಂದು ಹಿಡಿ, ನಡುವೆ ದಾರದಷ್ಟು ಸಣ್ಣ ಬ್ಲೇಡ್. ಬ್ಲೇಡಿನ ಉದ್ದ ಐದು ಇಂಚು. ಇದೇ ಬ್ಲೇಡಿಗೆ ಮೋಟರ್ ಕಟ್ಟಿದರೆ ಅದು ಸ್ಕ್ರಾಲ್ ಸಾ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದ್ದೀರಲ್ಲ? ಆನೆ, ಅಂಬಾರಿ, ತೆಂಗಿನ ತೋಟ ಇರುವ ಗೋಡೆ ಚಿತ್ರಗಳು. ಅದರ ಒಂದೊಂದು ಚೂರನ್ನೂ ಬೇರೆ ಬೇರೆ ಬಣ್ಣದ ಮರದಿಂದ ಇಂಥ ಸಣ್ಣ ಗರಗಸದಲ್ಲೇ ಕತ್ತರಿಸಿ, ಬೀಟೆ ಹಲಗೆಯಲ್ಲಿ ಅದರದೇ ಆಕಾರದ ಗುಳಿ ತೋಡಿ ಕೂರಿಸುತ್ತಾರೆ. ಹಳದಿ ಬೇಕಾದರೆ ಹಲಸು, ಕಪ್ಪುಗಂದು ಬೇಕಾದರೆ ಬೀಟೆ, ಬಣ್ಣ ಬಳಿಯುವುದಿಲ್ಲ. ಹಿಂದೆ ಬಿಳುಪಿಗೆ ಆನೆದಂತ ಬಳಸುತ್ತಿದ್ದರು. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬೀಟೆ ಬಾಗಿಲಿನಲ್ಲಿ ಆ ದಂತದ ಕೆಲಸ ಇಂದಿಗೂ ಇದೆ. ಈಗ ದಂತದ ವ್ಯಾಪಾರ ನಿಷಿದ್ಧ, ಪ್ಲಾಸ್ಟಿಕ್ ಆ ಜಾಗಕ್ಕೆ ಬಂದಿದೆ. ಆನೆಗೆ ಒಳ್ಳೆಯದೇ ಆಯಿತು.

ನಮ್ಮ ಪಕ್ಕದ ಚನ್ನಪಟ್ಟಣದ ಬೊಂಬೆ ಬೇರೆ ಜಾತಿ. ಅಲ್ಲಿ ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತದೆ, ಉಳಿಯನ್ನು ಆನಿಸಿ ಹಿಡಿಯುತ್ತಾರೆ. ಅದಕ್ಕೇ ಆ ಬೊಂಬೆಗಳೆಲ್ಲ ದುಂಡಗೆ. ನಮ್ಮದರಲ್ಲಿ ಬ್ಲೇಡ್ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ, ಮರವನ್ನು ನಾವು ತಿರುಗಿಸುತ್ತೇವೆ. ಹೀಗಾಗಿ ನಮಗೆ ದಕ್ಕುವುದು ಚಪ್ಪಟೆ ವಸ್ತು: ಪ್ರಾಣಿ, ಅಕ್ಷರ, ಜಾಲರಿ, ನಕ್ಷೆ.

ಈಗ ತಾತನ ಮೊದಲ ಪಾಲು. ಹಳೆಯ ಬ್ಲೇಡ್ ತುಕ್ಕು ಹಿಡಿದಿರುತ್ತದೆ, ಬಿಸಾಡಿ. ಹೊಸದು ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಒಂದೆರಡು ತರಬೇಡಿ, ಕಲಿಯುವವರ ಕೈಯಲ್ಲಿ ಬ್ಲೇಡ್ ಮುರಿದೇ ಮುರಿಯುತ್ತದೆ. ಅದನ್ನು ಖರ್ಚಿನ ಬಾಬ್ತಿಗೆ ಮೊದಲೇ ಬರೆದುಕೊಳ್ಳಿ, ಮಕ್ಕಳನ್ನು ಬೈಯಬೇಡಿ. ಹಲ್ಲುಗಳು ಹೊರಮುಖವಾಗಿ, ಕೆಳಕ್ಕೆ, ಅಂದರೆ ಹಿಡಿಯ ಕಡೆಗೆ ಇರಬೇಕು. ಕೆಳಗೆ ಎಳೆದಾಗ ಕೊಯ್ಯಬೇಕು, ಮೇಲೆ ಹೋಗುವಾಗ ಸುಮ್ಮನೆ ಜಾರಬೇಕು. ಕಣ್ಣಿಗೆ ಹಲ್ಲು ಕಾಣದಿದ್ದರೆ ಬೆರಳ ತುದಿಯನ್ನು ಹಗುರವಾಗಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಸವರಿ. ತಡೆಯುವ ದಿಕ್ಕು ತಿಳಿಯುತ್ತದೆ.

ಕೆಳಗಿನ ತಿರುಪು ಬಿಗಿ ಮಾಡಿ, ಚೌಕಟ್ಟಿನ ಮೇಲ್ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಸ್ವಲ್ಪ ಬಗ್ಗಿಸಿ, ಆಗ ಮೇಲಿನ ತಿರುಪು ಬಿಗಿಯಬೇಕು. ಕೈ ಬಿಟ್ಟಾಗ ಚೌಕಟ್ಟು ಹಿಗ್ಗಿ ಬ್ಲೇಡನ್ನು ಎಳೆದು ಹಿಡಿಯುತ್ತದೆ. ಇದನ್ನು ಮೊಮ್ಮಗಳು ಮಾಡಲಿ. ಬಿಗಿ ಸಾಕೋ ಸಾಲದೋ ಎಂದು ತೀರ್ಮಾನಿಸುವುದು ತಾತ. ಬ್ಲೇಡನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯ ಹಾಗೆ 'ಟಿಣ್' ಎನ್ನಬೇಕು. 'ಡಬ್' ಎಂದರೆ ಸಡಿಲ. ಗೆರೆ ಬಿಟ್ಟು ಅಲೆಯುತ್ತದೆ, ಮುರಿಯುತ್ತದೆ. ಇಷ್ಟು ವರ್ಷ ಆ ಗರಗಸ ಆಡಿಸಿದ ಕಿವಿಗೆ ಈ ವ್ಯತ್ಯಾಸ ಗೊತ್ತಿರುವಂತೆ ಹೊಸಬರಿಗೆ ಗೊತ್ತಾಗುವುದಿಲ್ಲ. ಕೈ ನಡುಗುತ್ತದೆಯೇ ಹೊರತು ಕಿವಿ ನಡುಗುವುದಿಲ್ಲವಲ್ಲ.

ಬ್ಲೇಡಿನ ನಂಬರು: ಅಂಕಿ ಚಿಕ್ಕದಾದಷ್ಟೂ ಬ್ಲೇಡ್ ಸಣ್ಣ, ಹಲ್ಲು ನಯ. ಮೂರು ನಾಲ್ಕು ಮಿಲಿಮೀಟರ್ ಪ್ಲೈವುಡ್ಡಿಗೆ 2ನೇ ನಂಬರು, ಆರರಿಂದ ಹತ್ತು ಮಿಲಿಮೀಟರಿಗೆ 5, ಅದಕ್ಕೂ ದಪ್ಪಕ್ಕೆ 7 ಅಥವಾ 9. ಅನುಮಾನ ಬಂದರೆ ಮರದ ದಪ್ಪದೊಳಗೆ ಕನಿಷ್ಠ ಮೂರು ಹಲ್ಲು ಸೇರುತ್ತವೆಯೇ ನೋಡಿ. ಎರಡೇ ಸೇರಿದರೆ ಅಂಚು ಕಿತ್ತುಬರುತ್ತದೆ. ಎಲ್ಲ ದಿಕ್ಕಿಗೂ ಕೊಯ್ಯುವ ಸುರುಳಿ ಬ್ಲೇಡ್ ಎಂದು ಒಂದಿದೆ. ಅಂಗಡಿಯವರು ಹೊಗಳುತ್ತಾರೆ. ನನಗೆ ಅದರ ಮೇಲೆ ಪ್ರೀತಿಯಿಲ್ಲ. ಗೆರೆ ದಪ್ಪ, ಅಂಚು ಒರಟು. ಕಲಿಯುವವರಿಗೆ ಬೇಡವೇ ಬೇಡ.

ಮುಖ್ಯವಾದದ್ದು ಹಲಗೆ. ಒಂದಡಿ ಉದ್ದ, ಆರು ಇಂಚು ಅಗಲದ ಗಟ್ಟಿ ಹಲಗೆಯ ಒಂದು ತುದಿಯಲ್ಲಿ 'ವಿ' ಆಕಾರದ ಕಚ್ಚು ಕೊರೆಸಿ, ಅದು ಮೇಜಿನಿಂದ ಹೊರಗೆ ಚಾಚುವಂತೆ ಸಿ-ಕ್ಲಾಂಪಿನಿಂದ ಬಿಗಿಯಿರಿ. ಇಂಗ್ಲಿಷಿನವರು ಇದನ್ನು ಹಕ್ಕಿಯ ಬಾಯಿ ಎನ್ನುತ್ತಾರೆ. ಗರಗಸ ಆ ಬಾಯೊಳಗೇ ನೆಟ್ಟಗೆ ಮೇಲೆ ಕೆಳಗೆ ಆಡಬೇಕು. ಮರ ಎರಡೂ ಪಕ್ಕದಲ್ಲಿ ಆನಿಕೊಂಡಿರುವುದರಿಂದ ಅದುರುವುದಿಲ್ಲ. ಮರ ಹಿಡಿಯುವ ಎಡಗೈ ಬೆರಳು ಎಂದೂ ಗೆರೆಯ ಎದುರಿಗೆ ಇರಬಾರದು, ಪಕ್ಕದಲ್ಲಿರಬೇಕು. ತಿರುವು ಬಂದಾಗ ಮುಂದಕ್ಕೆ ನೂಕದೆ, ಇದ್ದಲ್ಲೇ ಗರಗಸ ಆಡಿಸುತ್ತಾ ಮರವನ್ನು ನಿಧಾನ ತಿರುಗಿಸಬೇಕು. ಒಳಗಿನ ಆಕಾರ ತೆಗೆಯಬೇಕಾದರೆ ಮೊದಲು ಬೈರಿಗೆಯಿಂದ ತೂತು ಹಾಕಿ, ಬ್ಲೇಡಿನ ಒಂದು ತುದಿ ಬಿಚ್ಚಿ ತೂತಿನೊಳಗೆ ತೂರಿಸಿ ಮತ್ತೆ ಬಿಗಿಯುವುದು.

ತಾತ ಗರಗಸ ಹಿಡಿಯಲೇಬಾರದೇ? ಅದನ್ನು ಅವರ ವೈದ್ಯರನ್ನೂ ಅವರನ್ನೂ ಕೇಳಿ ನಿರ್ಧರಿಸಿ. ನಾನಂತೂ ಹೀಗೆ ಹೇಳುತ್ತೇನೆ: ಮರವನ್ನು ಕ್ಲಾಂಪಿನಿಂದ ಕಟ್ಟಿ, ಎರಡೂ ಕೈಯಲ್ಲಿ ಹಿಡಿ ಹಿಡಿದರೆ ಬೆರಳುಗಳು ಬ್ಲೇಡಿನಿಂದ ದೂರ ಉಳಿಯುತ್ತವೆ, ನೇರ ಗೆರೆಯ ಕೊಯ್ತ ಅವರಿಗೆ ಬಿಡಬಹುದು. ಮೋಟರಿನ ಯಂತ್ರ ಬೇಡ. ಉಪ್ಪುಕಾಗದ ಉಜ್ಜುವುದು ಅವರ ಪಾಲು. ಒಂದು ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಕೊಡಿ, ಮೊದಲು 120, ಆಮೇಲೆ 220. ಅಲ್ಲಿ ನಡುಕದಿಂದ ಏನೂ ಕೆಡುವುದಿಲ್ಲ.

ಏನು ಮಾಡುವುದು? ನಕ್ಷೆ ಮಾಡಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಮರದ ಹಲಗೆಗೆ ನಕ್ಷೆ ಅಂಟಿಸಿ, ದೇಶದ ಗಡಿಗಳ ಮೇಲೆ ಗರಗಸ ಆಡಿಸಿ, ಮಕ್ಕಳು ಜೋಡಿಸಿ ಭೂಗೋಳ ಕಲಿಯಲೆಂದು ಮಾರಿದ. ಇಂದಿನ ಜಿಗ್‌ಸಾ ಪಜಲ್‌ನ ಮುತ್ತಾತ ಅದು. ಅದರಲ್ಲಿ ಈಗಿನಂತೆ ಗುಬುಟು-ಗುಳಿ ಇರಲಿಲ್ಲ. ನಿಮಗೂ ಬೇಡ, ಗಡಿ ಇದ್ದಂತೆ ಕೊಯ್ದರೆ ಸಾಕು.

ಕರ್ನಾಟಕಕ್ಕೆ 31 ಜಿಲ್ಲೆ. ಮೊದಲ ಕೆಲಸಕ್ಕೆ ಹೆಚ್ಚಾಯಿತು. ನಿಮ್ಮ ಜಿಲ್ಲೆಯ ತಾಲ್ಲೂಕುಗಳಿಂದ ಶುರುಮಾಡಿ. ನಮ್ಮದಾದರೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಹಾರೋಹಳ್ಳಿ: ಐದೇ ಚೂರು. ನಾಲ್ಕು ಮಿಲಿಮೀಟರ್ ಪ್ಲೈವುಡ್, 2ನೇ ನಂಬರಿನ ಬ್ಲೇಡ್. ಗಡಿಯ ಸಣ್ಣ ಸಣ್ಣ ಸೊಟ್ಟುಗಳನ್ನು ತಾತ ಮೊದಲೇ ನೋಡಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಹೇಳಲಿ. ಮೇಷ್ಟ್ರಿಗೆ ಅದು ಹೊಸದಲ್ಲ. ಹೊರ ಅಂಚನ್ನು ಮೊದಲು, ಒಳಗಡಿಗಳನ್ನು ಆಮೇಲೆ ಕೊಯ್ಯಿರಿ. ಮಾಗಡಿಯ ಮೇಲೆ ಸಾವನದುರ್ಗ, ಚನ್ನಪಟ್ಟಣದ ಮೇಲೆ ಬೊಂಬೆ, ರಾಮನಗರಕ್ಕೆ ರೇಷ್ಮೆಗೂಡು, ಕನಕಪುರಕ್ಕೆ ಮೇಕೆದಾಟು ಬರೆಯಿರಿ. ಅರ್ಕಾವತಿಯನ್ನು ನೀಲಿಯಲ್ಲಿ ಎಳೆದು ಸಂಗಮದಲ್ಲಿ ಕಾವೇರಿಗೆ ಸೇರಿಸಿ. ಚೂರು ಸರಿಯಾಗಿ ಕೂತರೆ ನದಿ ಸೇರುತ್ತದೆ.

ಜಿಲ್ಲೆಯ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ನಾನು ಹುಟ್ಟಿದಾಗ ಮಾಗಡಿ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರವಾಯಿತು, 2007ರಲ್ಲಿ ರಾಮನಗರ, 2025ರಲ್ಲಿ ಸಚಿವ ಸಂಪುಟ ಬೆಂಗಳೂರು ದಕ್ಷಿಣ ಎಂದು ಹೆಸರಿಸಲು ಒಪ್ಪಿತು. ಮನೆ ಬದಲಾಯಿಸದೆಯೇ ವಿಳಾಸ ತಿದ್ದುವ ಕೆಲಸ ನನಗೆ ಬ್ಯಾಂಕಿನಲ್ಲಿ ಮಾತ್ರ ಅಲ್ಲ, ಮನೆಯಲ್ಲೂ ತಪ್ಪಲಿಲ್ಲ.

ಬಣ್ಣದ ವಿಷಯ. ಚನ್ನಪಟ್ಟಣದವರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಚಪ್ಪಟೆ ಚೂರಿಗೆ ಆ ವಿದ್ಯೆ ನಡೆಯದು. ಷೆಲ್ಲಾಕ್ ಪಾಲಿಶ್ ತನ್ನಿ, ಅದೂ ಅರಗಿನಿಂದಲೇ ಬಂದದ್ದು. ಸ್ಪಿರಿಟ್ ಇರುವುದರಿಂದ ಒಲೆ, ದೀಪದಿಂದ ದೂರ, ಕಿಟಕಿ ತೆರೆದಿಟ್ಟು ಹಚ್ಚಬೇಕು. ಅರಿಸಿನ ನೀರಿನಿಂದ ಹಳದಿ ಬಣ್ಣ ಚೆನ್ನಾಗಿ ಬರುತ್ತದೆ, ಆದರೆ ಬಿಸಿಲಿಗಿಟ್ಟರೆ ಮಾಸುತ್ತದೆ. ಬಾಗಿಲಿಗೆ ಬಳಿದು ಉಳಿದ ಹಳೆ ಪೇಂಟನ್ನು ಆಟಿಕೆಗೆ ಹಚ್ಚಬೇಡಿ, ಅದರಲ್ಲಿ ಸೀಸ ಇರಬಹುದು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಬಾಯಿಗೆ ಹೋಗುವಷ್ಟು ಚಿಕ್ಕ ಚೂರನ್ನು ಮಾಡಲೇಬೇಡಿ.

ಇನ್ನು ಮೆಷಿನ್. ಹುಡುಗಿ ಹೈಸ್ಕೂಲಿಗೆ ಬರಲಿ, ಆಗ ನೋಡೋಣ. ಕೊಳ್ಳುವವರು ಎರಡು ಸಂಗತಿ ನೋಡಿ: ವೇಗ ಹೆಚ್ಚು ಕಡಿಮೆ ಮಾಡಲು ಬರಬೇಕು; ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡು, ಇಲ್ಲದ ಬ್ಲೇಡು ಎರಡೂ ಹಿಡಿಸಬೇಕು. ಪಿನ್ ಇರುವುದು ಮಾತ್ರ ಹಿಡಿಯುವ ಯಂತ್ರದಲ್ಲಿ ಸಣ್ಣ ತೂತಿನ ಜಾಲರಿ ಕೆಲಸ ಆಗುವುದಿಲ್ಲ, ಪಿನ್ ತೂರುವುದೇ ಇಲ್ಲ. ಗಟ್ಟಿ ಮರ ಸುಟ್ಟು ಕಪ್ಪಾಗುತ್ತಿದ್ದರೆ ಅದರ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿ ಕೊಯ್ಯಿರಿ. ಕೂದಲು ಕಟ್ಟಿರಬೇಕು, ದುಪಟ್ಟಾ, ಶಲ್ಯ, ಸಡಿಲ ಬಳೆ ತೆಗೆದಿಡಬೇಕು. ಕನ್ನಡಕ, ಮೂಗು ಬಾಯಿಗೆ ಮಾಸ್ಕ್ ಕೈಗರಗಸಕ್ಕೂ ಬೇಕು. ಪ್ಲೈವುಡ್ಡಿನ ದೂಳಿನಲ್ಲಿ ಅಂಟೂ ಇರುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು: ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಬ್ಲೇಡ್ ಬಿಚ್ಚುತ್ತಾ ಕೂತಿದ್ದಾಗ ಕರೆಂಟ್ ಬಂದರೆ ಯಂತ್ರ ನಿಮ್ಮನ್ನು ಕೇಳಿ ಶುರುವಾಗುವುದಿಲ್ಲ.

ಮುರಿದ ಬ್ಲೇಡಿನ ಚೂರುಗಳನ್ನು ಕಸಕ್ಕೆ ಹಾಗೇ ಹಾಕಬೇಡಿ. ಮುಚ್ಚಳವಿರುವ ಹಳೆ ಡಬ್ಬಿಯೊಂದರಲ್ಲಿ ತುಂಬಿಡಿ, ತುಂಬಿದ ಮೇಲೆ ಟೇಪ್ ಸುತ್ತಿ ಗುಜರಿಯವರಿಗೆ ಹೇಳಿ ಕೊಡಿ. ಹೊಸ ಬ್ಲೇಡುಗಳನ್ನು ನಂಬರುವಾರು ಬೇರೆ ಬೇರೆ ಕೊಳವೆಯಲ್ಲಿಟ್ಟು ಮೇಲೆ ಅಂಕಿ ಬರೆಯಿರಿ. ಮುಗಿದ ಬಾಲ್ ಪೆನ್ನಿನ ದಪ್ಪ ಕೊಳವೆ ಇದಕ್ಕೆ ಸರಿಹೋಗುತ್ತದೆ. ಒಳಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಮಳೆಗಾಲದಲ್ಲೂ ತುಕ್ಕು ಹಿಡಿಯದು. ಬಳಸುವಾಗ ಮಾತ್ರ ಎಣ್ಣೆ ಒರೆಸಿಕೊಳ್ಳಿ, ಇಲ್ಲದಿದ್ದರೆ ಮರಕ್ಕೆ ಕಲೆ.