ತಂದೆಯವರ ಹಾರ್ಮೋನಿಯಂ

ಹೊಳಲ್ಕೆರೆ ತಾಲ್ಲೂಕಿನ ಬಂಧುಗಳೊಬ್ಬರು ಪತ್ರ ಬರೆದು ನಮ್ಮ ಮುಂದೆ ಒಂದು ಸಂದೇಹವನ್ನು ಇಟ್ಟಿದ್ದಾರೆ. ಅವರ ತಂದೆಯವರು ಸುತ್ತಲಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟರು. ಅವರು ಲಿಂಗೈಕ್ಯರಾಗಿ ಹನ್ನೆರಡು ವರ್ಷಗಳಾದವು. ಅಂದಿನಿಂದ ಅವರ ಕಾಲು ಹಾರ್ಮೋನಿಯಂ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮೌನವಾಗಿದೆ. ಈಗ ಮೊಮ್ಮಗಳು ವಚನಗಾಯನ ಕಲಿಯುತ್ತಿದ್ದಾಳೆ. ಕಾಲುಗಳನ್ನು ಕತ್ತರಿಸಿ ಕೈಯಿಂದ ನುಡಿಸುವಂತೆ ಮಾಡಿಸೋಣ, ಒಳಗೆ ಮೈಕು ಕೂಡಿಸೋಣ ಎಂಬುದು ಹಿರಿಯೂರಿನಲ್ಲಿರುವ ತಮ್ಮನ ಅಭಿಪ್ರಾಯ. ಅಪ್ಪನ ಕೈ ತಾಗಿದ ವಸ್ತುವಿಗೆ ಉಳಿ ತಾಗಿಸಲು ಅಣ್ಣನಿಗೆ ಮನಸ್ಸಿಲ್ಲ. ಈ ಮಾತಿನಿಂದ ಅಣ್ಣತಮ್ಮಂದಿರ ನಡುವೆ ಮಾತುಕತೆಯೇ ಕಡಿಮೆಯಾಗಿದೆಯಂತೆ. ‘ರಿಪೇರಿಯಾದ ಮೇಲೆ ಅದು ಅಪ್ಪನದಾಗಿ ಉಳಿಯುವುದೆ?’ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರಿಸುವ ಮುನ್ನ ವಾದ್ಯದ ಚರಿತ್ರೆಯನ್ನು ತುಸು ನೋಡೋಣ. ಹಾರ್ಮೋನಿಯಂ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. 1840ರ ದಶಕದಲ್ಲಿ ಪ್ಯಾರಿಸ್ ನಗರದ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತನು ಈ ಹೆಸರಿನ ವಾದ್ಯವನ್ನು ರೂಪಿಸಿದನು. ಅದನ್ನು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯನ್ನು ತುಳಿಯುತ್ತ ನುಡಿಸಬೇಕಾಗಿತ್ತು. ಚಾಪೆಯ ಮೇಲೆ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗಲಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದು, ಒಂದು ಕೈಯಿಂದ ಗಾಳಿ ಹಾಕಿ ಮತ್ತೊಂದು ಕೈಯಿಂದ ನುಡಿಸುವಂತೆ ಮಾಡಿದರು. ಹೀಗೆ ಮಾರ್ಪಾಡಾದ ಮೇಲೆಯೇ ಅದು ಭಜನೆಯ ಮನೆಗಳನ್ನು ಸೇರಿದುದು. ಎರಡೂ ಕೈಗಳಿಗೆ ಬಿಡುವು ಕೊಡುವ ಕಾಲು ಹಾರ್ಮೋನಿಯಂ ನಾಟಕ ಕಂಪನಿಗಳಲ್ಲಿ ಉಳಿದುಕೊಂಡಿತು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ, 1971ರಲ್ಲಿ ಆ ನಿಷೇಧವನ್ನು ಭಾಗಶಃ ಸಡಿಲಿಸಿತು. ಆ ಮೂರು ದಶಕಗಳಲ್ಲಿಯೂ ನಮ್ಮ ಹಳ್ಳಿಯ ರಂಗಸ್ಥಳಗಳಲ್ಲಿ ಅದರ ಧ್ವನಿ ಅಡಗಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಂಥವರ (1914–2010) ಕೈಯಲ್ಲಿ ಅದು ಅಂಧ ಮಕ್ಕಳಿಗೆ ಬಾಳಿನ ದಾರಿಯನ್ನೇ ತೋರಿತು. ಆದುದರಿಂದ ಮಾರ್ಪಾಡು ಮಾತ್ರದಿಂದ ವಾದ್ಯಕ್ಕೆ ಅಪಚಾರವಾಗುವುದಿಲ್ಲ.

ಹಾಗೆಂದು ತಮ್ಮನ ಮಾತನ್ನು ಪೂರ್ಣವಾಗಿ ಒಪ್ಪಲಾಗದು. ಸವೆಯುವುದಕ್ಕಾಗಿಯೇ ಇರುವ ಭಾಗಗಳು ಬೇರೆ, ನೆನಪನ್ನು ಹೊತ್ತ ಭಾಗಗಳು ಬೇರೆ. ತಿದಿಯ ಚರ್ಮ ಹಿರಿಯೂರು, ಚಿತ್ರದುರ್ಗದ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಹುಳು ಇಲಿಗಳಿಗೂ ಆಹಾರವಾಗುತ್ತದೆ. ಅದನ್ನು ಹೊಸದಾಗಿ ಹಾಕಿಸಲು ಹಿಂದೆಮುಂದೆ ನೋಡಬೇಕಾಗಿಲ್ಲ. ಹಾರ್ಮೋನಿಯಂ ಮೇಷ್ಟರಾಗಿದ್ದ ಆ ಹಿರಿಯರು ತಮ್ಮ ಕಾಲದಲ್ಲಿ ತಾವೇ ಅದನ್ನು ಬದಲಿಸಿರಲೂಬಹುದು. ಆದರೆ ಮನೆಗಳ ಮೇಲೆ ಬೆರಳು ಸವೆಸಿದ ತಗ್ಗುಗಳಿದ್ದರೆ ಅವನ್ನು ಉಜ್ಜಿಸಬಾರದು, ಮನೆಗಳನ್ನೂ ಬದಲಿಸಬಾರದು. ಮೊಮ್ಮಗಳ ಬೆರಳು ಅದೇ ತಗ್ಗಿನಲ್ಲಿ ಕುಳಿತಾಗ ತಾತನ ಪರಿಚಯವಾಗುತ್ತದೆ.

ರೀಡುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಸ್ವರ ಹೊರಡದಿದ್ದರೆ ಬಹಳ ಸಲ ಧೂಳೇ ಕಾರಣ. ಮೃದುವಾದ ಕುಂಚದಿಂದ ತೆಗೆದರೆ ಸಾಕು. ಶ್ರುತಿ ಸರಿಪಡಿಸುವವರು ಹಿತ್ತಾಳೆಯ ನಾಲಿಗೆಯನ್ನು ಕೆರೆಯುತ್ತಾರೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಹೋದ ಲೋಹ ಮರಳಿ ಬಾರದು. ಹಾಡಿಗೆ ಅದೊಂದೇ ವಾದ್ಯವಾದರೆ ಸ್ವರಗಳು ತಮ್ಮತಮ್ಮಲ್ಲಿ ಹೊಂದಿದ್ದರೆ ಸಾಕು. ಇಂದಿನ ಯಂತ್ರದ ಅಳತೆಗೆ ಎಲ್ಲವನ್ನೂ ಕೆರೆಸುವುದು ಬೇಡ. ತಾತ ಬಿಳಿ ಒಂದಕ್ಕೆ ಹಾಡುತ್ತಿದ್ದರು, ಹುಡುಗಿಯ ಶ್ರುತಿ ಕರಿ ನಾಲ್ಕು ಎಂದಾದರೂ ಚಿಂತೆಯಿಲ್ಲ. ಹನ್ನೆರಡು ಮನೆಗಳಲ್ಲಿ ಯಾವುದನ್ನು ಬೇಕಾದರೂ ಷಡ್ಜವಾಗಿಟ್ಟು ನುಡಿಸಬಹುದು.

ಇನ್ನು ಕಾಲುಗಳ ಮಾತು. ಹುಡುಗಿಗೆ ತುಳಿಯುವ ಹಲಗೆ ಎಟುಕದಿದ್ದರೆ ಅದರ ಮೇಲೆ ಮತ್ತೊಂದು ಮರದ ತುಂಡನ್ನು ಪಟ್ಟಿಯಿಂದ ಬಿಗಿಯಿರಿ. ಅವಳು ಬೆಳೆದ ಮೇಲೆ ಬಿಚ್ಚಬಹುದು. ಕತ್ತರಿಸಿದ ಕಾಲನ್ನು ಮತ್ತೆ ಬೆಳೆಸಲಾಗದು. ಮೈಕಿಗಾಗಿ ಪೆಟ್ಟಿಗೆಗೆ ರಂಧ್ರ ಕೊರೆಯುವ ಅಗತ್ಯವೂ ಇಲ್ಲ. ಸಭೆಯಲ್ಲಿ ನುಡಿಸುವಾಗ ಎದುರಿಗೆ ಒಂದು ಮೈಕು ನಿಲ್ಲಿಸಿದರೆ ಕೆಲಸವಾಗುತ್ತದೆ. ಬೇಕಾದುದನ್ನು ಕೂಡಿಸಿರಿ, ಆದರೆ ಮುಂದೊಂದು ದಿನ ಬಿಚ್ಚಿ ತೆಗೆಯಲು ಬರುವಂತೆ ಕೂಡಿಸಿರಿ. ತೆಗೆದ ಹಳೆಯ ಭಾಗಗಳನ್ನು ಎಸೆಯದೆ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿಡಿರಿ. ಏನು ಬದಲಾಯಿತು, ಯಾವಾಗ, ಯಾರ ಕೈಯಿಂದ ಎಂದು ಚೀಟಿ ಬರೆದು ಪೆಟ್ಟಿಗೆಯೊಳಗೆ ಇಡಿರಿ.

ಅಣ್ಣನವರಿಗೂ ಒಂದು ಮಾತು ಹೇಳಬೇಕಾಗಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ಕಲಾಸಂಘದ ‘ಶಿವಸಂಚಾರ’ 1997ರಿಂದ ಊರೂರಿಗೆ ನಾಟಕವನ್ನು ಒಯ್ದಿದೆ. ಅಂತಹ ನೆಲದಲ್ಲಿ ನಾಟಕದ ಮೇಷ್ಟರೊಬ್ಬರ ವಾದ್ಯವನ್ನು ಬಟ್ಟೆ ಹೊದಿಸಿ ಕೂರಿಸುವುದು ಗೌರವವೆನಿಸದು. ನುಡಿಸದ ವಾದ್ಯ ಸುರಕ್ಷಿತವಾಗಿಯೂ ಇರುವುದಿಲ್ಲ: ಧೂಳು ಕೂರುತ್ತದೆ, ಮಳೆಗಾಲದ ತೇವಕ್ಕೆ ಮನೆಗಳು ಬಿಗಿಯುತ್ತವೆ, ಮಡಿಕೆಗಳಲ್ಲಿ ಚರ್ಮ ಸೀಳುತ್ತದೆ. ಪತ್ರದ ಕೊನೆಯಲ್ಲಿ ಅವರೇ ಒಂದು ಸಂಗತಿಯನ್ನು ತಿಳಿಸಿದ್ದಾರೆ. ತಾಯಿಯವರು ದಿನವೂ ಅದರ ಧೂಳೊರೆಸುತ್ತಾರೆ, ಏನೂ ಹೇಳುವುದಿಲ್ಲವಂತೆ. ಅಣ್ಣತಮ್ಮಂದಿರು ನಮ್ಮನ್ನು ಕೇಳುವ ಮೊದಲು ಆ ತಾಯಿಯನ್ನು ಕೇಳಬೇಕಾಗಿತ್ತು. ಆ ಧ್ವನಿಯನ್ನು ಎಲ್ಲರಿಗಿಂತ ಹೆಚ್ಚು ಕಾಲ ಕೇಳಿದವರು ಅವರು.

ಆದುದರಿಂದ ನಮ್ಮ ಸಲಹೆ ಇಷ್ಟು: ಇಬ್ಬರೂ ಸೇರಿ ವಾದ್ಯವನ್ನು ಬಲ್ಲ ಕುಶಲಿಗಳ ಬಳಿಗೆ ಒಯ್ಯಿರಿ. ಬಿಚ್ಚುವಾಗ ಒಬ್ಬರಾದರೂ ಪಕ್ಕದಲ್ಲಿ ಕುಳಿತಿರಿ. ಯಾವುದನ್ನು ಕೆರೆಯಬಹುದು, ಯಾವುದನ್ನು ಮುಟ್ಟಕೂಡದು ಎಂಬುದನ್ನು ಮೊದಲೇ ತಿಳಿಸಿರಿ. ಮನೆಗೆ ತಂದ ದಿನ ಮೊದಲ ಸ್ವರವನ್ನು ತಾಯಿಯವರ ಎದುರಿನಲ್ಲಿ ಮೊಮ್ಮಗಳಿಂದ ನುಡಿಸಿರಿ. ಶರಣು.