ಒಂದು ಊರು, ಒಂದು ಹೆಸರು, ಎರಡು ತಂಡ

ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 2021ರ ಅಕ್ಟೋಬರ್ 27ರಂದು ಫೆಡರಲ್ ನ್ಯಾಯಾಲಯದ ಮುಂದೆ ಬಂದ ಒಂದು ದಾವೆ ಮೂರೇ ವಾರಗಳಲ್ಲಿ ರಾಜಿಯಲ್ಲಿ ಮುಗಿದುಹೋಯಿತು. ವಾದಿ, ಚಕ್ರದ ಬೂಟು ತೊಟ್ಟು ರೋಲರ್ ಡರ್ಬಿ ಆಡುವವರ ಒಂದು ಚಿಕ್ಕ ತಂಡ. ಪ್ರತಿವಾದಿ, ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವುಳ್ಳ ಬೇಸ್‌ಬಾಲ್ ಸಂಸ್ಥೆ. ಇಬ್ಬರೂ ತಮ್ಮದೆಂದು ಹೇಳಿದ್ದು ಒಂದೇ ಹೆಸರನ್ನು: ‘ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್’. ಹೆಸರು ಯಾರ ಸೊತ್ತು ಎಂಬ ಪ್ರಶ್ನೆ ಶಾಸನಗಳನ್ನೂ ಬಿರುದಾವಳಿಗಳನ್ನೂ ಓದುವವರಿಗೆ ಹೊಸತಲ್ಲವಾದ್ದರಿಂದ, ಈ ಪ್ರಕರಣ ನನ್ನ ಗಮನವನ್ನು ಹಿಡಿದು ನಿಲ್ಲಿಸಿತು.

ರೋಲರ್ ಡರ್ಬಿ ನಮ್ಮಲ್ಲಿ ಅಪರಿಚಿತ ಆಟ. ಅಂಡಾಕಾರದ ಅಂಕಣದಲ್ಲಿ ಎರಡು ಪಕ್ಷಗಳ ಐದೈದು ಮಂದಿ ಸುತ್ತುತ್ತಾರೆ. ಪ್ರತಿ ಪಕ್ಷದ ಒಬ್ಬರು ಎದುರಾಳಿಗಳ ಗೋಡೆಯನ್ನು ಭೇದಿಸಿ ಅವರನ್ನು ದಾಟಿದಷ್ಟೂ ಅಂಕ ಗಳಿಸುತ್ತಾರೆ. 1935ರಲ್ಲಿ ಶಿಕಾಗೊದಲ್ಲಿ ಹುಟ್ಟಿ, ನಡುವೆ ಮಂಕಾಗಿ, ಈ ಶತಮಾನದ ಆರಂಭದಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಿಂದ ಮತ್ತೆ ಚಿಗುರಿದ ಆಟವಿದು. ಇಂದು ಇದನ್ನು ಆಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ, ತಮ್ಮ ಕೈಯಿಂದಲೇ ಖರ್ಚು ಮಾಡಿ ಆಡುತ್ತಾರೆ.

ಈಗ ಬೇಸ್‌ಬಾಲ್ ಸಂಸ್ಥೆಯ ಕಡೆಗೆ ಬರೋಣ. 1915ರಿಂದ ಅದರ ಹೆಸರು ‘ಇಂಡಿಯನ್ಸ್’ ಎಂದಿತ್ತು. ಅಮೆರಿಕದ ಮೂಲನಿವಾಸಿಗಳನ್ನು ಅವರ ಒಪ್ಪಿಗೆಯಿಲ್ಲದೆ ಲಾಂಛನವಾಗಿಸಿ, ಹಲ್ಲು ಕಿಸಿದ ಕೆಂಪು ಮುಖವೊಂದನ್ನು ಟೋಪಿಯ ಮೇಲೆ ಮೆರೆಸಿದ್ದನ್ನು ಆ ಸಮುದಾಯಗಳು ದಶಕಗಳ ಕಾಲ ವಿರೋಧಿಸಿದವು. 2018ರ ಋತುವಿನ ನಂತರ ಆ ಮುಖವು ಸಮವಸ್ತ್ರದಿಂದ ಹೋಯಿತು. 2020ರ ಡಿಸೆಂಬರಿನಲ್ಲಿ ಹೆಸರನ್ನೇ ಕೈಬಿಡುವುದಾಗಿ ಸಂಸ್ಥೆ ಸಾರಿತು. 2021ರ ಜುಲೈ 23ರಂದು ‘ಗಾರ್ಡಿಯನ್ಸ್’ ಎಂಬ ಹೊಸ ಹೆಸರು ಪ್ರಕಟವಾಯಿತು. ಪರರ ಹೆಸರನ್ನು ಕೇಳದೆ ಬಳಸಿದ ದೋಷದ ಪರಿಮಾರ್ಜನೆ ಅದು, ಶ್ಲಾಘ್ಯವಾದದ್ದೇ. ಆದರೆ ಅದೇ ಊರಿನಲ್ಲಿ 2013ರಿಂದ ಅದೇ ಹೆಸರಿನಲ್ಲಿ ಆಡುತ್ತಿದ್ದ, 2017ರಲ್ಲಿ ಓಹಾಯೊ ರಾಜ್ಯದ ದಾಖಲೆಯಲ್ಲಿ ಹೆಸರು ನೋಂದಾಯಿಸಿದ್ದ, ಅದೇ ಹೆಸರಿನ ಜಾಲತಾಣವನ್ನೂ ಹೊಂದಿದ್ದ ತಂಡವೊಂದಿತ್ತು. ಪರಿಮಾರ್ಜನೆಗೆ ಹೊರಟವರು ದಾರಿಯಲ್ಲಿ ಮತ್ತೊಬ್ಬರ ಹೆಸರನ್ನು ಎತ್ತಿಕೊಂಡರು. ಇದರಲ್ಲಿರುವ ವ್ಯಂಗ್ಯವನ್ನು ವಿವರಿಸಬೇಕಾಗಿಲ್ಲ.

ಗಮನಿಸಬೇಕಾದದ್ದು ಎತ್ತಿಕೊಂಡ ಬಗೆಯನ್ನು. ಹೆಸರು ಪ್ರಕಟವಾಗುವುದಕ್ಕೆ ಮೂರು ತಿಂಗಳಿಗೂ ಮೊದಲೇ, ಏಪ್ರಿಲ್ 8ರಂದು, ಸಂಸ್ಥೆಯು ಟ್ರೇಡ್‌ಮಾರ್ಕ್ ಅರ್ಜಿ ಸಲ್ಲಿಸಿತ್ತು. ಎಲ್ಲಿ? ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ. ಬೇಸ್‌ಬಾಲಿಗೂ ಮಾರಿಷಸ್‌ಗೂ ಏನು ನಂಟು ಎಂದು ಓದುಗರು ಹುಬ್ಬೇರಿಸಬಹುದು. ಪ್ಯಾರಿಸ್ ಒಪ್ಪಂದದ ಪ್ರಕಾರ ಸದಸ್ಯ ರಾಷ್ಟ್ರವೊಂದರಲ್ಲಿ ಸಲ್ಲಿಸಿದ ಅರ್ಜಿಯ ದಿನಾಂಕವನ್ನೇ ಆರು ತಿಂಗಳೊಳಗೆ ಇನ್ನೊಂದು ರಾಷ್ಟ್ರದಲ್ಲಿ ತನ್ನ ಹಕ್ಕಿನ ದಿನಾಂಕವೆಂದು ಹೇಳಿಕೊಳ್ಳಬಹುದು. ಅಂತರಜಾಲದಲ್ಲಿ ಸುಲಭವಾಗಿ ಶೋಧಿಸಲು ಬಾರದ ದೂರದ ಕಡತದಲ್ಲಿ ಹೆಸರನ್ನು ಹೂತಿಟ್ಟರೆ ಗುಟ್ಟು ಉಳಿಯುತ್ತದೆ, ಸರದಿಯಲ್ಲಿ ಜಾಗವೂ ಸಿಗುತ್ತದೆ. ದೊಡ್ಡ ಕಂಪನಿಗಳು ಹೊಸ ಸರಕಿನ ಹೆಸರನ್ನು ಮುಚ್ಚಿಡಲು ಬಳಸುವ ಸಾಮಾನ್ಯ ಉಪಾಯವಿದು. ಕಾನೂನುಬಾಹಿರವೇನಲ್ಲ. ದಾವೆಯ ಪ್ರಕಾರ, ಪ್ರಕಟಣೆಗೆ ಮುನ್ನವೇ ಡರ್ಬಿ ತಂಡದ ಅಸ್ತಿತ್ವ ಸಂಸ್ಥೆಗೆ ತಿಳಿದಿತ್ತು, ಹೆಸರಿಗೆ ಪ್ರತಿಯಾಗಿ ಅಲ್ಪ ಮೊತ್ತವೊಂದನ್ನು ಮುಂದಿಟ್ಟಿತ್ತು, ತಂಡ ಒಪ್ಪಲಿಲ್ಲ. ಒಪ್ಪದಿದ್ದರೂ ಪ್ರಕಟಣೆ ನಿಲ್ಲಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಪದ ನೆನಪಾದೀತು: ಅದತ್ತಾದಾನ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂಬ ಲಕ್ಷಣವದು. ಅಲ್ಲಿ ಬೆಲೆಯ ಮಾತಿಲ್ಲ, ಕೊಡುವವನ ಸಮ್ಮತಿಯ ಮಾತಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಐದನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಒಂದರಂತೆ ತೋರುವ ಮತ್ತೊಂದನ್ನು ಮುಂದಿಟ್ಟು ವ್ಯಾಪಾರ ಮಾಡುವುದು. ಆಧುನಿಕ ಟ್ರೇಡ್‌ಮಾರ್ಕ್ ಕಾನೂನಿನ ಬೀಜವೂ ಇದೇ: ಗ್ರಾಹಕನಿಗೆ ಭ್ರಮೆ ಹುಟ್ಟಿಸಬಾರದು. ಆದರೆ ಕ್ಲೀವ್‌ಲ್ಯಾಂಡಿನಲ್ಲಿ ಭ್ರಮೆ ತಿರುವುಮುರುವಾಗಿತ್ತು. ಸಾಮಾನ್ಯವಾಗಿ ಚಿಕ್ಕವನು ದೊಡ್ಡವನ ಹೆಸರನ್ನು ಅನುಕರಿಸಿ ಲಾಭ ಪಡೆಯುತ್ತಾನೆ. ಇಲ್ಲಿ ಹಿಂದಿನಿಂದ ಬಂದ ದೊಡ್ಡವನ ಅಬ್ಬರದಲ್ಲಿ ಮೊದಲೇ ಇದ್ದ ಚಿಕ್ಕವನೇ ನಕಲಿಯಂತೆ ಕಾಣತೊಡಗಿದ. ಅಮೆರಿಕದ ನ್ಯಾಯಾಲಯಗಳು ಇದನ್ನು ವಿಪರ್ಯಸ್ತ ಭ್ರಾಂತಿಯೆಂದು ಗುರುತಿಸಿವೆ. 1977ರಲ್ಲಿ ಗುಡ್‌ಇಯರ್ ಟೈರು ಕಂಪನಿಯ ವಿರುದ್ಧ ಚಿಕ್ಕ ವರ್ತಕರ ಕೂಟವೊಂದು ಗೆದ್ದದ್ದು ಈ ವಾದದಿಂದಲೇ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೆಯ ಕಲಮೂ ನೋಂದಣಿ ಪಡೆದವನ ಎದುರು ಮೊದಲಿನಿಂದ ಬಳಸುತ್ತ ಬಂದವನನ್ನು ಕಾಪಾಡುತ್ತದೆ.

ಹಾಗೆಂದು ಡರ್ಬಿ ತಂಡವೇ ಆ ಹೆಸರಿನ ಸಂಪೂರ್ಣ ಒಡೆಯನೆಂದು ನಾನು ಹೇಳಲಾರೆ. ಕ್ಲೀವ್‌ಲ್ಯಾಂಡಿನಲ್ಲಿ 1932ರಲ್ಲಿ ತೆರೆದ ಸೇತುವೆಯೊಂದರ ಕಂಬಗಳಲ್ಲಿ ಕಲ್ಲಿನಲ್ಲಿ ಕಡೆದ ಎಂಟು ಭವ್ಯ ಮೂರ್ತಿಗಳಿವೆ. ಒಂದೊಂದರ ಕೈಯಲ್ಲೂ ಬಂಡಿಯಿಂದ ಮೋಟಾರು ಲಾರಿಯವರೆಗಿನ ಒಂದೊಂದು ವಾಹನ. ಸಂಚಾರದ ರಕ್ಷಕರು ಎಂದು ಊರು ಅವನ್ನು ಕರೆಯಿತು. ಬೇಸ್‌ಬಾಲ್ ಸಂಸ್ಥೆ ಹೆಸರನ್ನು ಪಡೆದದ್ದು ಈ ಮೂರ್ತಿಗಳಿಂದಲೇ. ಊರಿನ ಕಲ್ಲಿನ ಮೇಲೆ ಯಾವ ತಂಡಕ್ಕೂ ಪಟ್ಟಾ ಇಲ್ಲ. ತಂಡಕ್ಕಿದ್ದದ್ದು ಒಡೆತನಕ್ಕಿಂತ ಹೆಚ್ಚಾಗಿ ಹಿರಿತನ. ಹಿರಿತನಕ್ಕೆ ಸಲ್ಲಬೇಕಾದ ಮರ್ಯಾದೆಯೊಂದಿದೆ.

ಈ ಮರ್ಯಾದೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಕಾಣಸಿಗುತ್ತದೆ. ನಾಗಚಂದ್ರನು ತನ್ನನ್ನು ಪಂಪನೆಂದು ಕರೆದುಕೊಳ್ಳಲಿಲ್ಲ, ಅಭಿನವಪಂಪನೆಂದು ಕರೆದುಕೊಂಡ. ಆ ಒಂದು ವಿಶೇಷಣದಲ್ಲಿ ಹಂಬಲವೂ ಇದೆ, ಮೊದಲು ಬಂದವನೊಬ್ಬನಿದ್ದಾನೆಂಬ ಒಪ್ಪಿಗೆಯೂ ಇದೆ. ಕವಿಚಕ್ರವರ್ತಿ ಎಂಬ ಬಿರುದು ರನ್ನನಿಗೂ ಸಂದಿತು, ಜನ್ನನಿಗೂ ಸಂದಿತು. ಕೊಟ್ಟ ಅರಸುಮನೆತನಗಳು ಬೇರೆ, ಕಾಲ ಬೇರೆ. ಶ್ರವಣಬೆಳಗೊಳ, ಮೂಡಬಿದಿರೆ ಎರಡೂ ಪೀಠಗಳ ಭಟ್ಟಾರಕರು ತಲೆಮಾರುಗಳಿಂದ ಚಾರುಕೀರ್ತಿ ಎಂಬ ಒಂದೇ ಅಭಿಧಾನವನ್ನು ಧರಿಸುತ್ತ ಬಂದಿದ್ದಾರೆ. ಯಾವ ಪೀಠದವರೆಂದು ಊರಿನ ಹೆಸರು ಸೇರಿಸಿದರೆ ಸಾಕು, ಗೊಂದಲವಿಲ್ಲ. ನಾಗಚಂದ್ರನ ಕಾಲದಲ್ಲಿ ಬಿರುದು ಅಚ್ಚೊತ್ತಿದ ಅಂಗಿಗಳು ಮಾರಾಟಕ್ಕಿರಲಿಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಹೆಸರು ಹಂಚಿಕೊಳ್ಳಲು ಸಾಧ್ಯ, ಅದಕ್ಕೊಂದು ರೀತಿ ಬೇಕು ಎಂಬುದಕ್ಕೆ ಇವು ಸಾಕ್ಷಿ.

ಅಚ್ಚರಿಯೆಂದರೆ ಅಂಥ ರೀತಿಯೊಂದು ರೋಲರ್ ಡರ್ಬಿಯ ಒಳಗೇ ಬೆಳೆದಿತ್ತು. ಆಟಗಾರರು ಅಂಕಣಕ್ಕೆ ಇಳಿಯುವುದು ಶ್ಲೇಷೆಯಿಂದ ಕಟ್ಟಿದ ವಿನೋದದ ಅಡ್ಡಹೆಸರುಗಳಲ್ಲಿ. ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸದಂತೆ ಸ್ವಯಂಸೇವಕರು ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಇಟ್ಟಿದ್ದರು. ಹೊಸಬರ ಹೆಸರು ಹಳಬರದ್ದಕ್ಕೆ ತೀರ ಹತ್ತಿರವಾದರೆ ಹಳಬರನ್ನು ಕೇಳಿ ಅನುಮತಿ ಪಡೆಯಬೇಕೆಂಬುದು ಆ ಬಳಗದ ವಾಡಿಕೆ. ಇಂಥ ಬಳಗದ ತಂಡಕ್ಕೆ ಮಾರಿಷಸ್‌ನ ಕಡತ ಎಷ್ಟು ವಿಚಿತ್ರವಾಗಿ ಕಂಡಿರಬೇಡ!

ಕಾನೂನು ಸದಾ ಹಿರಿತನದ ಪಕ್ಷ ವಹಿಸುವುದಿಲ್ಲ ಎಂಬುದಕ್ಕೆ ಅಲ್ಲಿನದೇ ಹಳೆಯ ನಿದರ್ಶನವಿದೆ. 1982ರಲ್ಲಿ ಟಾಮ್ ವಾಡೆಲ್ ಮತ್ತು ಸಂಗಡಿಗರು ಸಾನ್‌ಫ್ರಾನ್ಸಿಸ್ಕೊದಲ್ಲಿ ‘ಗೇ ಒಲಿಂಪಿಕ್ಸ್’ ನಡೆಸಲು ಹೊರಟಾಗ, ಒಲಿಂಪಿಕ್ ಎಂಬ ಪದ ತನಗೆ ಮಾತ್ರ ಸೇರಿದ್ದೆಂದು ಅಮೆರಿಕದ ಒಲಿಂಪಿಕ್ ಸಮಿತಿ ತಡೆ ತಂದಿತು. ಕ್ರೀಡಾಕೂಟ ‘ಗೇ ಗೇಮ್ಸ್’ ಆಯಿತು. 1978ರ ಕಾಯ್ದೆ ಆ ಗ್ರೀಕ್ ಪದವನ್ನು ಸಮಿತಿಗೆ ಒಪ್ಪಿಸಿದೆ, ಭ್ರಮೆ ಹುಟ್ಟುತ್ತದೆಯೆಂದು ಸಾಬೀತುಪಡಿಸುವ ಅಗತ್ಯವೂ ಸಮಿತಿಗಿಲ್ಲ ಎಂದು 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಪದವನ್ನು ಶಾಸನಸಭೆಯೊಂದು ದತ್ತಿ ಬರೆದುಕೊಟ್ಟ ಬಗೆಯಿದು.

ಕ್ಲೀವ್‌ಲ್ಯಾಂಡಿನ ರಾಜಿ ಇದಕ್ಕಿಂತ ಮೇಲು. 2021ರ ನವೆಂಬರ್ 16ರಂದು ಎರಡೂ ತಂಡಗಳು ಗಾರ್ಡಿಯನ್ಸ್ ಹೆಸರಿನಲ್ಲೇ ಮುಂದುವರಿಯುತ್ತವೆ ಎಂದು ಜಂಟಿಯಾಗಿ ಸಾರಲಾಯಿತು. ನನ್ನ ತಕರಾರು ಒಂದೇ. ಒಪ್ಪಂದದ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ನ್ಯಾಯಾಲಯದ ತೀರ್ಪೂ ಬರಲಿಲ್ಲ. ಆದ್ದರಿಂದ ನಾಳೆ ಇನ್ನೊಂದು ಊರಿನಲ್ಲಿ ಇನ್ನೊಂದು ಚಿಕ್ಕ ತಂಡದ ಹೆಸರು ದೊಡ್ಡವರ ಕಣ್ಣಿಗೆ ಬಿದ್ದರೆ, ತೋರಿಸಲು ಅದರ ಕೈಯಲ್ಲಿ ಈ ಪ್ರಕರಣದಿಂದ ಒಂದು ಹಾಳೆಯೂ ಇರುವುದಿಲ್ಲ.