ಮಂಗನ ಕಾಯಿಲೆಯ ಸಂಶೋಧನೆ ಗುಂಡ್ಲುಪೇಟೆಯ ಕಾಡಂಚಿಗೆ ಬರಲಿ

ಮಂಗನ ಕಾಯಿಲೆ ಮಲೆನಾಡಿನ ರೋಗ ಎಂಬ ನಂಬಿಕೆ 2012ರವರೆಗೂ ನಡೆದುಬಂತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗರು ಜ್ವರ ಹಿಡಿದು ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಲಿಗೇ ಬಂದು ಹೊಸ ವೈರಸ್ಸನ್ನು ಗುರುತಿಸಿದರು. 2012ರ ಕೊನೆಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಲ್ಲೂ ಮಂಗಗಳು ಸತ್ತವು. ಅವುಗಳನ್ನು ಕೊಯ್ದು ಪರೀಕ್ಷಿಸುವ, ಸುಡುವ ಕೆಲಸಕ್ಕೆ ನಿಂತವರಿಗೇ ಜ್ವರ ಬಂತು. ಕ್ಯಾಸನೂರಿನ ವೈರಸ್ಸೇ ಅವರ ರಕ್ತದಲ್ಲಿ ಸಿಕ್ಕಿತು. ಮರುವರ್ಷ ಪಕ್ಕದ ನೀಲಗಿರಿ, ವಯನಾಡುಗಳಲ್ಲೂ ಅದು ಕಂಡಿತು.

ರೋಗ ಹರಡುವುದು ಉಣ್ಣೆಯಿಂದ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆಗಳು ಆ ಜಾಗವನ್ನೇ ಅಪಾಯದ ತಾಣವಾಗಿಸುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣ್ಣೆಗಳು ತರಗೆಲೆಯಲ್ಲಿ ಕಾದಿದ್ದು, ಸೌದೆಗೆ ಹೋದವರನ್ನು, ಜೇನು ಕೀಳುವವರನ್ನು, ದನ ಕಾಯುವವರನ್ನು, ಬೆಂಕಿರೇಖೆ ಬಿಡಿಸುವ ವಾಚರ್‌ಗಳನ್ನು ಕಚ್ಚುತ್ತವೆ. ಕಾಡಿನಲ್ಲಿ ಮೇಯ್ದ ದನ ಬಲಿತ ಉಣ್ಣೆಗಳನ್ನು ಕೊಟ್ಟಿಗೆಯವರೆಗೆ ಹೊತ್ತು ತರುತ್ತದೆ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳು ರೋಗದ ಕಾಲ. ಕಾಡಿನ ಕೆಲಸಕ್ಕೂ ಅದೇ ಕಾಲ.

ಜ್ವರ ಒಮ್ಮೆಲೇ ಏರುತ್ತದೆ. ತಲೆ ಸಿಡಿಯುತ್ತದೆ, ಮೈಕೈ ಮುರಿಯುತ್ತದೆ, ಕೆಲವರಿಗೆ ಒಸಡು, ಮೂಗಿನಿಂದ ರಕ್ತ ಬರುತ್ತದೆ. ಗುಣವಾಯಿತೆಂದುಕೊಂಡ ಒಂದೆರಡು ವಾರಕ್ಕೆ ಕೆಲವರಿಗೆ ಜ್ವರ ಮರಳುತ್ತದೆ, ಆಗ ಏಟು ಬೀಳುವುದು ಮಿದುಳಿಗೆ: ಕೈಕಾಲು ನಡುಕ, ದೃಷ್ಟಿದೋಷ, ಗೊಂದಲ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ವೈರಸ್ಸಿಗೆಂದೇ ಔಷಧಿಯಿಲ್ಲ, ಶುಶ್ರೂಷೆಯೇ ಚಿಕಿತ್ಸೆ.

ಹಳೆಯ ಲಸಿಕೆಯೊಂದಿತ್ತು. 2005ರಿಂದ 2010ರವರೆಗಿನ ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಅದರ ರಕ್ಷಣೆ ಸುಮಾರು ಶೇ. 62, ಬೂಸ್ಟರ್ ಸೇರಿದಾಗ ಸುಮಾರು ಶೇ. 83. ಸತ್ವ ಸಾಲದೆಂದು 2022ರಲ್ಲಿ ಅದೂ ನಿಂತಿತು. ಅರವತ್ತು ವರ್ಷಕ್ಕೂ ಹಿಂದೆ ಕರ್ನಾಟಕದಲ್ಲೇ ಪತ್ತೆಯಾದ ರೋಗಕ್ಕೆ ನಂಬಬಹುದಾದ ಲಸಿಕೆ ಇಷ್ಟು ತಡವಾದದ್ದು ನೋವಿನ ಸಂಗತಿ. ಇದು ಬಡವರ ರೋಗ, ಕಾಡಂಚಿನವರ ರೋಗ.

ಕ್ಯಾನ್ಸರ್ ಸಂಶೋಧನೆ ಬೆಂಗಳೂರಿನ ಕಿದ್ವಾಯಿಯಲ್ಲಿ, ಮಿದುಳಿನ ಸಂಶೋಧನೆ ನಿಮ್ಹಾನ್ಸಿನಲ್ಲಿ ನಡೆಯಬಲ್ಲದು, ಏಕೆಂದರೆ ರೋಗಿ ಅಲ್ಲಿಗೆ ಹೋಗುತ್ತಾನೆ. ಉಣ್ಣೆಯಿಂದ ಬರುವ ರೋಗವನ್ನು ಉಣ್ಣೆಯಿರುವಲ್ಲೇ ಅರಿಯಬೇಕು. ಯಾವ ತಿಂಗಳು ಯಾವ ಕಾಡಿನಲ್ಲಿ ಎಷ್ಟು ಉಣ್ಣೆ, ಅದರಲ್ಲಿ ವೈರಸ್ ಇದೆಯೇ ಎಂಬುದನ್ನು ರೋಗ ಬಂದ ವರ್ಷ ಮಾತ್ರವಲ್ಲ, ಪ್ರತಿ ವರ್ಷ ನೋಡುತ್ತಿರಬೇಕು. ಚಾಮರಾಜನಗರದ ವೈದ್ಯಕೀಯ ಕಾಲೇಜು, ಪಶುಪಾಲನೆ, ಅರಣ್ಯ ಮತ್ತು ಆರೋಗ್ಯ ಇಲಾಖೆಗಳು ಇದನ್ನು ಕೂಡಿ ಮಾಡಬೇಕಾದ ಕೆಲಸವೆಂದು ಒಪ್ಪಬೇಕು. ಹೊಸ ಲಸಿಕೆ ಸಿದ್ಧವಾದ ದಿನ ಜೇನು ಕುರುಬ, ಬೆಟ್ಟ ಕುರುಬ, ಸೋಲಿಗ ಹಾಡಿಗಳಿಗೆ, ಅರಣ್ಯ ಸಿಬ್ಬಂದಿಗೆ ಅದು ಮೊದಲು ತಲುಪಬೇಕು. ಅದೇನು, ಏಕೆ ಎಂಬುದನ್ನು ಅವರ ಮಾತಿನಲ್ಲೇ ತಿಳಿಸಿ, ಒಪ್ಪಿಗೆ ಪಡೆಯಬೇಕು.

ಈ ಸಂಶೋಧನೆಗೆ ಬೇಕಾದ ಮೊದಲ ಸುದ್ದಿ ಹಳ್ಳಿಯಿಂದಲೇ ಹೊರಡುತ್ತದೆ. ಕೋತಿಯಾಗಲಿ ಮುಸುವವಾಗಲಿ ಸತ್ತು ಬಿದ್ದದ್ದು ಕಂಡರೆ ಯಾರೂ ಮುಟ್ಟದೆ, ಹತ್ತಿರ ಸುಳಿಯದೆ, ಅಂದೇ ಅರಣ್ಯ ಇಲಾಖೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು.